ಸೆಕೆಂಡ್ ಹ್ಯಾಂಡ್ ಚಿಕ್ಕ ಎಸ್‌ಯುವಿ: ಮಾಡೆಲ್‌ಗಿಂತ ಮೊದಲು ಗಾಡಿಯ ಊರು ಕೇಳಿ

‘ಯಾವ ವರ್ಷದ್ದು? ಎಷ್ಟು ಓಡಿದೆ?’ ಹಳೇ ಗಾಡಿ ಅಂದಕೂಡಲೇ ಎಲ್ಲರೂ ಕೇಳುವುದು ಇವೆರಡನ್ನೇ. ಕೇಳಬೇಕಾದ್ದೇ. ಆದರೆ ಉತ್ತರ ಕನ್ನಡದಲ್ಲಿ ಇದಕ್ಕೂ ಮೊದಲು ಕೇಳಬೇಕಾದ್ದು ಇನ್ನೊಂದಿದೆ: ಈ ಗಾಡಿ ಇಷ್ಟು ವರ್ಷ ಎಲ್ಲಿ ನಿಲ್ಲುತ್ತಿತ್ತು, ಯಾವ ದಾರಿಯಲ್ಲಿ ಓಡುತ್ತಿತ್ತು? ಕಾರವಾರದ ಕೋಡಿಬಾಗದಲ್ಲಿ ಆರು ವರ್ಷ ಉಪ್ಪುಗಾಳಿಗೆ ಮೈಯೊಡ್ಡಿ ನಿಂತ 30,000 ಕಿಲೋಮೀಟರಿನ ಗಾಡಿಗಿಂತ ಹುಬ್ಬಳ್ಳಿಯಲ್ಲಿ 80,000 ಓಡಿದ ಗಾಡಿಯ ತಳ ಗಟ್ಟಿ ಇರುವುದುಂಟು. ವಾರಕ್ಕೆರಡು ಸಲ ದೇವಿಮನೆ ಘಟ್ಟ ಹತ್ತಿಳಿದ ಗಾಡಿಯ ಕ್ಲಚ್ಚು, ಬ್ರೇಕುಗಳ ಲೆಕ್ಕವೇ ಬೇರೆ. ಗಂಗಾವಳಿ ದಂಡೆಯ ಗಾಡಿಯಾದರೆ ನೆರೆಯ ಪ್ರಶ್ನೆ ಬರುತ್ತದೆ. ಸಮುದ್ರ, ಘಟ್ಟ, ಹೊಳೆ ಮೂರೂ ಒಂದೇ ಜಿಲ್ಲೆಯಲ್ಲಿರುವಾಗ ಮೀಟರ್ ಒಂದನ್ನೇ ನಂಬಿ ಕೂತರೆ ಆಗುವುದಿಲ್ಲ.

ಮೊದಲು, ನಿಮಗೆ ಬೇಕಾದ್ದು ಯಾವುದು

ಇಲ್ಲಿ ಹೇಳುತ್ತಿರುವುದು ನಾಲ್ಕು ಮೀಟರಿಗಿಂತ ಕಡಿಮೆ ಉದ್ದದ ಗಾಡಿಗಳ ಬಗ್ಗೆ. ಮಾರುತಿ ಬ್ರೆಝಾ, ಟಾಟಾ ನೆಕ್ಸಾನ್, ಹ್ಯುಂಡೈ ವೆನ್ಯೂ, ಕಿಯಾ ಸಾನೆಟ್, ಮಹೀಂದ್ರಾ ಎಕ್ಸ್‌ಯುವಿ 300, ನಿಸ್ಸಾನ್ ಮ್ಯಾಗ್ನೈಟ್, ಟಾಟಾ ಪಂಚ್, ಸ್ವಲ್ಪ ಹಳೆಯದಾದರೆ ಫೋರ್ಡ್ ಇಕೋಸ್ಪೋರ್ಟ್. ಇವನ್ನು ಎಸ್‌ಯುವಿ ಅನ್ನುತ್ತಾರೆಯೇ ಹೊರತು ಯಾವುದರಲ್ಲೂ ನಾಲ್ಕು ಗಾಲಿಗೆ ಎಳೆತ ಇಲ್ಲ, ಎಳೆಯುವುದು ಮುಂದಿನ ಎರಡೇ ಗಾಲಿ. ಸಿದ್ದಾಪುರ, ಶಿರಸಿ ಕಡೆ ತೋಟದ ಮನೆಗೆ ಇಳಿಯುವ ಕೆಮ್ಮಣ್ಣಿನ ಏರು ಇರುವವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು. ಡಿಕ್ಕಿಯಲ್ಲಿ ನಾಲ್ಕು ಚೀಲ ಅಡಿಕೆ ಹಾಕಿಕೊಂಡು ಆಷಾಢದ ಮಳೆಯಲ್ಲಿ ಏರು ಹತ್ತಿದರೆ ಭಾರವೆಲ್ಲ ಹಿಂದಕ್ಕೆ ಹೋಗುತ್ತದೆ, ಮುಂದಿನ ಗಾಲಿ ಹಗುರವಾಗಿ ನಿಂತಲ್ಲೇ ಸುತ್ತುತ್ತದೆ. ಅಂಥ ದಾರಿಯವರಿಗೆ ಹಿಂದಿನ ಗಾಲಿ ತಳ್ಳುವ ಬೊಲೆರೊ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಡಾಂಬರು ಮನೆಯ ದಣಪೆಯವರೆಗೆ ಇದ್ದರೆ ಈ ಚಿಕ್ಕ ಗಾಡಿಗಳು ಧಾರಾಳ ಸಾಕು. ನೆಲದಿಂದ ಬ್ರೆಝಾ 198 ಮಿಲಿಮೀಟರ್, ಇಕೋಸ್ಪೋರ್ಟ್ 200, ನೆಕ್ಸಾನ್ 209 ಎತ್ತರ ಇವೆ. ಎಕ್ಸ್‌ಯುವಿ 300 ಮಾತ್ರ 180. ಪೇಟೆಯ ರಸ್ತೆ ಉಬ್ಬಿಗೆ ಈ ಅಂತರ ಲೆಕ್ಕಕ್ಕಿಲ್ಲ, ನಡುವೆ ಹುಲ್ಲು ಬೆಳೆದ ಎರಡು ಜಾಡಿನ ರಸ್ತೆಗೆ ಇದೆ.

ಪೆಟ್ರೋಲೋ ಡೀಸೆಲ್ಲೋ ಅನ್ನುವ ಚರ್ಚೆಗೆ 2020ರ ಏಪ್ರಿಲ್ 1 ಒಂದು ಗಡಿ. ಅಂದಿನಿಂದ ಬಿಎಸ್-6 ಎಂಬ ಹೊಗೆ ನಿಯಮ ಬಂತು, ಅದರೊಂದಿಗೆ ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಜಾಲರಿಯೂ ಬಂತು. ಗಾಡಿ ಆಗಾಗ ಹೆದ್ದಾರಿಯಲ್ಲಿ ಒಂದಿಷ್ಟು ಹೊತ್ತು ಬಿಸಿಯಾಗಿ ಓಡಿದರೆ ಅದು ಆ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಮನೆಯಿಂದ ಪೇಟೆ, ಪೇಟೆಯಿಂದ ಮನೆ ಅಂತ ನಾಲ್ಕೈದು ಕಿಲೋಮೀಟರ್ ಮಾತ್ರ ಓಡುತ್ತಿದ್ದರೆ ಕಟ್ಟಿಕೊಳ್ಳುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ, ಖರ್ಚು ದೊಡ್ಡದು. ಬ್ರೋಕರ್ ಹೇಳುವ ಮಾತು ಕೇಳಿದ್ದೀರಲ್ಲ: ‘ಹೆಗಡೇರೆ, ಡಾಕ್ಟರ ಗಾಡಿ ಇದು. ಮನೆಯಿಂದ ಆಸ್ಪತ್ರೆಗೆ ಅಷ್ಟೇ ಓಡಿದ್ದು, ಹೊಸದರ ಹಾಗಿದೆ.’ ಬಿಎಸ್-6 ಡೀಸೆಲ್ಲಿಗೆ ಇದು ಹೊಗಳಿಕೆಯಲ್ಲ, ದೂರು. ಕಾರವಾರದಿಂದ ಭಟ್ಕಳಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಿನಾ ಓಡಾಡಿದ ಡೀಸೆಲ್ ಸಿಕ್ಕರೆ ಕಿಲೋಮೀಟರ್ ಜಾಸ್ತಿಯಾದರೂ ನಾನು ಅದನ್ನೇ ಮೊದಲು ನೋಡುತ್ತೇನೆ.

ಮಾಡೆಲ್ ಬಗ್ಗೆ ಚಿಕ್ಕದಾಗಿ. 2016ರಿಂದ 2020ರ ಆರಂಭದವರೆಗಿನ ಬ್ರೆಝಾ ಬಂದದ್ದು 1.3 ಲೀಟರ್ ಡೀಸೆಲ್ಲಿನಲ್ಲಿ ಮಾತ್ರ. ಮೈಲೇಜ್ ಚೆನ್ನ, ರಿಪೇರಿ ಎಲ್ಲರಿಗೂ ಗೊತ್ತು. ಆದರೆ 2,000 ಆರ್‌ಪಿಎಮ್ಮಿನ ಕೆಳಗೆ ಟರ್ಬೋ ಏಳುವುದಿಲ್ಲ, ಘಟ್ಟದ ತಿರುವಿನಲ್ಲಿ ಗೇರು ಇಳಿಸದಿದ್ದರೆ ಉಸಿರು ಕಟ್ಟುತ್ತದೆ. 2020ರ ಫೆಬ್ರುವರಿಯಿಂದ 1.5 ಲೀಟರ್ ಪೆಟ್ರೋಲ್ ಬಂತು: ಟರ್ಬೋ ಇಲ್ಲ, ತಲೆಬಿಸಿ ಕಡಿಮೆ, ಜೋರೂ ಸಾಧಾರಣ. ನೆಕ್ಸಾನ್ 2017ರ ಸೆಪ್ಟೆಂಬರಿನದು. 2018ರ ಡಿಸೆಂಬರಿನಲ್ಲಿ ಗ್ಲೋಬಲ್ ಎನ್‌ಸಿಎಪಿ ಎಂಬ ಸಂಸ್ಥೆಯ ಅಪಘಾತ ಸುರಕ್ಷತೆ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆಯಿತು. ಎಕ್ಸ್‌ಯುವಿ 300ಕ್ಕೆ 2020ರ ಜನವರಿಯಲ್ಲಿ ಐದು ಸಿಕ್ಕಿತು. ಹಳೇ ಬ್ರೆಝಾಗೆ ನಾಲ್ಕು. ವೆನ್ಯೂ ಮಾರುಕಟ್ಟೆಗೆ ಬಂದದ್ದು 2019ರ ಮೇ ತಿಂಗಳಲ್ಲಿ, ಸಾನೆಟ್ 2020ರ ಸೆಪ್ಟೆಂಬರಿನಲ್ಲಿ. ಫೋರ್ಡ್ ಕಂಪನಿ ಭಾರತದಲ್ಲಿ ಗಾಡಿ ತಯಾರಿಕೆ ನಿಲ್ಲಿಸುವುದಾಗಿ ಹೇಳಿದ್ದು 2021ರ ಸೆಪ್ಟೆಂಬರಿನಲ್ಲಿ. ಅದಕ್ಕೇ ಇಕೋಸ್ಪೋರ್ಟ್ ಅಗ್ಗಕ್ಕೆ ಸಿಗುತ್ತದೆ. ಓಡಿಸಲು ಬಲು ಚೆಂದದ ಗಾಡಿ. ಹತ್ತಿರದಲ್ಲಿ ಅದನ್ನು ಬಲ್ಲ ಮೆಕ್ಯಾನಿಕ್ ಇದ್ದರೆ ಮಾತ್ರ ತೆಗೆದುಕೊಳ್ಳಿ. ಈ ಮಾತು ಎಲ್ಲ ಕಂಪನಿಗೂ ಅನ್ವಯ: ಸರ್ವಿಸ್ ಸೆಂಟರ್ ಕುಮಟಾದಲ್ಲೋ ಶಿರಸಿಯಲ್ಲೋ ಇದೆಯಾ, ಸಣ್ಣ ಸೆನ್ಸರಿಗೂ ಹುಬ್ಬಳ್ಳಿ, ಮಡಗಾಂವ್ ಅಂತ ಓಡಬೇಕಾ ಅಂತ ಮೊದಲೇ ವಿಚಾರಿಸಿ.

ಗಾಡಿ ಎಲ್ಲಿಂದ ಬರುತ್ತದೆ

ಕಾರವಾರಕ್ಕೆ ಒಂದು ಅನುಕೂಲವಿದೆ. ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರ ಎರಡರಲ್ಲೂ ವರ್ಗವಾಗಿ ಹೋಗುವ ನೌಕರರು ಬಹಳ. ಹೋಗುವಾಗ ಗಾಡಿ ಮಾರುತ್ತಾರೆ. ಇಂಥವರ ಗಾಡಿಗಳಿಗೆ ಸಾಮಾನ್ಯವಾಗಿ ಸರ್ವಿಸ್ ದಾಖಲೆ ಪೂರ್ತಿ ಇರುತ್ತದೆ, ಮಾರುವವರಿಗೂ ಅವಸರ ಇರುತ್ತದೆ. ತೊಡಕು ಇರುವುದು ನಂಬರಿನಲ್ಲಿ. ಕೆಲವು ಬೇರೆ ರಾಜ್ಯದ್ದು, ಕೆಲವು ಎಲ್ಲ ರಾಜ್ಯದಲ್ಲೂ ನಡೆಯುವ, 2021ರಿಂದ ಬಂದ ಬಿಎಚ್ (ಭಾರತ್) ಸರಣಿಯದ್ದು. ಬಿಎಚ್ ಗಾಡಿಗೆ ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಿರುತ್ತಾರೆ. ಆ ಸರಣಿಗೆ ನೀವು ಅರ್ಹರಲ್ಲದಿದ್ದರೆ ಸಾಮಾನ್ಯ ನಂಬರಿಗೆ ಬದಲಿಸಿ ಇಲ್ಲಿನ ತೆರಿಗೆ ತುಂಬಬೇಕು.

ಗೋವಾ ಗಾಡಿಯ ಆಸೆಯೂ ಹೀಗೆಯೇ. ಕಾಣಕೋಣ ಕಾರವಾರಕ್ಕೆ ಪಕ್ಕದ ಊರು, ಅಲ್ಲಿ ದರ ಕಡಿಮೆ ಕಾಣುತ್ತದೆ. ಆದರೆ ಬೇರೆ ರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿಯ ನಂಬರ್ ಪಡೆಯಲೇಬೇಕು, ಅದು ಮೋಟಾರು ವಾಹನ ಕಾಯ್ದೆಯ 47ನೇ ಕಲಮು. ಕರ್ನಾಟಕದ ಆಜೀವ ತೆರಿಗೆ ದೇಶದಲ್ಲೇ ಹೆಚ್ಚಿನ ಸಾಲಿನದು. ಗಾಡಿಯ ವಯಸ್ಸು ನೋಡಿ ಕಡಿಮೆ ಮಾಡುತ್ತಾರೆ ನಿಜ, ಆದರೂ ಐದು ವರ್ಷದ ಗಾಡಿಗೆ ಬರುವ ಮೊತ್ತ ನೀವು ಗೋವಾದಲ್ಲಿ ಉಳಿಸಿದೆ ಅಂದುಕೊಂಡದ್ದನ್ನು ನುಂಗಿಬಿಡಬಹುದು. ಗಾಡಿಯ ಮೊದಲ ಇನ್‌ವಾಯ್ಸ್ ಹಿಡಿದು ಕಾರವಾರ, ಶಿರಸಿ, ಹೊನ್ನಾವರ ಅಥವಾ ದಾಂಡೇಲಿ, ನಿಮ್ಮದು ಯಾವುದೋ ಆ ಆರ್‌ಟಿಒ ಕಚೇರಿಯಲ್ಲಿ ತೆರಿಗೆ ಎಷ್ಟು ಬರುತ್ತದೆ ಅಂತ ಕೇಳಿಕೊಂಡೇ ದರ ಮಾತಾಡಿ. ದೆಹಲಿಯಿಂದ ಇಳಿದ ಅಗ್ಗದ ಡೀಸೆಲ್ಲುಗಳಿಗೂ ಇದೇ ಲೆಕ್ಕ. ಅಲ್ಲಿ ಹತ್ತು ವರ್ಷದ ಡೀಸೆಲ್ಲಿಗೆ ಕಡಿವಾಣ ಹಾಕಿದ್ದರಿಂದಲೇ ಅವು ದಕ್ಷಿಣಕ್ಕೆ ಬಂದದ್ದು.

ಕರ್ನಾಟಕದೊಳಗಿನದಾದರೆ ಈ ತಾಪತ್ರಯ ಇಲ್ಲ. ಹುಬ್ಬಳ್ಳಿಯ 63 ಆಗಲಿ ಶಿರಸಿಯ 31 ಆಗಲಿ, ನಂಬರ್ ಅದೇ ಉಳಿಯುತ್ತದೆ. ಒಣ ಹವೆಯ ಕಾರಣಕ್ಕೆ ಹುಬ್ಬಳ್ಳಿ, ಧಾರವಾಡ, ಹಾವೇರಿ ಕಡೆಯ ಗಾಡಿಗೆ ನನ್ನ ಓಟು. ನಮ್ಮವರು ಮಂಗಳೂರಿಗೆ ಹೋಗಿ ತರುವುದು ಯಾಕೋ ತಿಳಿಯದು, ಅಲ್ಲಿಯದೂ ಇದೇ ಉಪ್ಪುಗಾಳಿಯಲ್ಲವೇ.

ಹೊರಡುವ ಮುಂಚೆ ಫೋನಿನಲ್ಲೇ ಆಗುವ ಕೆಲಸ

ಗಾಡಿ ನಂಬರ್ ಕೇಳಿ ಎಂ-ಪರಿವಾಹನ್ ಆ್ಯಪಿನಲ್ಲಿ ಹಾಕಿ. ಎಷ್ಟನೇ ಓನರ್, ನೋಂದಣಿ ದಿನಾಂಕ, ಇಂಧನ, ಇನ್ಸೂರೆನ್ಸ್ ಮತ್ತು ಎಮಿಷನ್ ಅವಧಿ, ಸಾಲ ಇದೆಯೋ ಇಲ್ಲವೋ ಎಲ್ಲ ಕಾಣುತ್ತದೆ. ಇ-ಚಲನ್ ಬಾಕಿಯನ್ನೂ ನೋಡಿ. ನಂಬರ್ ಕೊಡಲು ಹಿಂದೆ ಮುಂದೆ ನೋಡುವವರ ಗಾಡಿಗೆ ಪೆಟ್ರೋಲ್ ಸುಟ್ಟುಕೊಂಡು ಹೋಗಬೇಡಿ.

ಆಮೇಲೆ ಈಗಿನ ಇನ್ಸೂರೆನ್ಸ್ ಪಾಲಿಸಿಯ ಫೋಟೋ ತರಿಸಿಕೊಳ್ಳಿ. ಅದರಲ್ಲಿ ನೋಡಬೇಕಾದ್ದು ಎನ್‌ಸಿಬಿ, ಅಂದರೆ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ. ಒಂದು ವರ್ಷ ಕ್ಲೇಮ್ ಇಲ್ಲದಿದ್ದರೆ ಶೇಕಡಾ 20, ಹಾಗೇ 25, 35, 45, ಕೊನೆಗೆ 50. ಆರು ವರ್ಷದ ‘ಒಂದು ಗೀರೂ ಇಲ್ಲದ’ ಗಾಡಿಯ ಪಾಲಿಸಿಯಲ್ಲಿ ಎನ್‌ಸಿಬಿ ಸೊನ್ನೆ ಅಂತ ಇದ್ದರೆ ಹಿಂದಿನ ವರ್ಷ ಏನೋ ಕ್ಲೇಮ್ ಆಗಿದೆ, ಇಲ್ಲವೇ ಗಾಡಿ ಇತ್ತೀಚೆಗೆ ಕೈ ಬದಲಿಸಿದೆ, ಇಲ್ಲವೇ ಪಾಲಿಸಿ ತುಂಬ ದಿನ ತುಂಡಾಗಿತ್ತು. ಯಾವುದು ಅಂತ ಕೇಳಿ. ತಪ್ಪೇನಿಲ್ಲ, ಬಂಪರ್ ತಾಗಿಸಿಕೊಂಡದ್ದೂ ಇರಬಹುದು. ಉತ್ತರ ತಡವರಿಸಿದರೆ ಮಾತ್ರ ಎಚ್ಚರ.

ಸರ್ವಿಸ್ ಹಿಸ್ಟರಿಯನ್ನು ಓನರ್ ಕಂಪನಿ ಸರ್ವಿಸ್ ಸೆಂಟರಿನಿಂದ ತೆಗೆಸಿಕೊಡಬಲ್ಲರು. ಪ್ರತಿ ಸಲ ಹೋದಾಗಿನ ಕಿಲೋಮೀಟರ್ ಅದರಲ್ಲಿರುತ್ತದೆ. ಮೀಟರ್ ಹಿಂದೆ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಇನ್ನೊಂದನ್ನು ಅದರಲ್ಲಿ ಹುಡುಕಿ: 2019ರ ಆಗಸ್ಟ್ ಮತ್ತು 2021ರ ಜುಲೈ ಆದಮೇಲಿನ ತಿಂಗಳುಗಳ ಬಿಲ್ಲು. ಆ ಎರಡು ಮಳೆಗಾಲ ಗಂಗಾವಳಿ, ಕಾಳಿ ದಂಡೆಗಳಲ್ಲಿ ನೆರೆ ಬಂದು ಮನೆ, ಕೊಟ್ಟಿಗೆಗಳ ಜೊತೆ ಗಾಡಿಗಳೂ ಮುಳುಗಿದ್ದವು. ಸೆಪ್ಟೆಂಬರಿನಲ್ಲಿ ಸ್ಟಾರ್ಟರ್ ಮೋಟರ್, ಆಲ್ಟರ್ನೇಟರ್, ಇಸಿಎಂ (ಎಂಜಿನ್ನಿನ ಕಂಪ್ಯೂಟರ್), ಸೀಟಿನ ಕುಶನ್ ಒಟ್ಟಿಗೇ ಬದಲಾದ ಬಿಲ್ಲು ಕಂಡರೆ ಮುಂದೆ ಓದುವ ಅಗತ್ಯವೇ ಇಲ್ಲ. ಹೊರಗಿನ ಗಾಡಿಗೂ ಹೀಗೇ: ಕೇರಳದ್ದಾದರೆ 2018ರ ಆಗಸ್ಟ್, ಚೆನ್ನೈದಾದರೆ 2023ರ ಡಿಸೆಂಬರ್.

ಗಾಡಿಯ ಮುಂದೆ ನಿಂತಾಗ

ಹಗಲು ಹೊತ್ತು, ಒಣಗಿದ ಗಾಡಿ, ತಣ್ಣಗಿರುವ ಎಂಜಿನ್. ಈ ಮೂರನ್ನು ಮೊದಲೇ ಹೇಳಿಬಿಡಿ. ತೊಳೆದು ಹನಿ ತೊಟ್ಟಿಕ್ಕುವ ಗಾಡಿಯ ಬಣ್ಣದ ದೋಷ ಕಾಣುವುದಿಲ್ಲ, ಮೊದಲೇ ಚಾಲೂ ಮಾಡಿಟ್ಟ ಎಂಜಿನ್ ತನ್ನ ಕೆಮ್ಮನ್ನು ಮುಚ್ಚಿಡುತ್ತದೆ.

ಕರಾವಳಿಯ ಗಾಡಿಯಾದರೆ ಮೇಲಿನ ಹೊಳಪು ನೋಡುತ್ತ ಕೂರದೆ ತಳಕ್ಕೆ ಹೋಗಿ. ಸಾಧ್ಯವಾದರೆ ನಿಮ್ಮ ಗ್ಯಾರೇಜಿನ ರ‍್ಯಾಂಪ್ ಮೇಲೆ ಹತ್ತಿಸಿ, ಆಗದಿದ್ದರೆ ಗೋಣಿ ಹಾಸಿಕೊಂಡು ಟಾರ್ಚ್ ಹಿಡಿದು ಮಲಗಿ. ಸೈಲೆನ್ಸರ್ ಮೇಲೆ, ಬೋಲ್ಟುಗಳ ತಲೆಯ ಮೇಲೆ ಕೆಂಪು ಹೊಡೆದಿರುವುದು ಸಹಜ, ನಾಲ್ಕು ವರ್ಷದ ಯಾವ ಗಾಡಿಗೂ ಇಲ್ಲಿ ಅದು ತಪ್ಪಿದ್ದಲ್ಲ. ಹೆದರಬೇಕಾದ್ದು ಪದರ ಪದರವಾಗಿ ಏಳುವ ತುಕ್ಕಿಗೆ. ಎಂಜಿನ್ ಕೂತಿರುವ ಮುಂದಿನ ಸಬ್‌ಫ್ರೇಮ್, ಲೋವರ್ ಆರ್ಮ್, ಹಿಂದಿನ ಆಕ್ಸಲ್, ಸ್ಪ್ರಿಂಗ್ ಕೂರುವ ಬಟ್ಟಲು, ಬ್ರೇಕ್ ಪೈಪು ಸಾಗುವ ಸಾಲು: ಇಷ್ಟನ್ನೂ ಸ್ಕ್ರೂಡ್ರೈವರ್ ಹಿಡಿಕೆಯಿಂದ ತಟ್ಟುತ್ತ ಹೋಗಿ. ಗಟ್ಟಿ ಲೋಹದ ಸದ್ದು ‘ಠಣ್’ ಅನ್ನುತ್ತದೆ, ಒಳಗೆ ತಿಂದುಹೋದದ್ದು ‘ದಬ್’ ಅನ್ನುತ್ತದೆ. ಮಾರುವ ಮುಂಚೆ ತಳಕ್ಕೆ ಹೊಸದಾಗಿ ಕಪ್ಪು ಕೋಟಿಂಗ್ ಹೊಡೆಸುವುದು ಈಗ ಮಾಮೂಲು. ಹೊಸ ಕಪ್ಪು ಕಂಡರೆ ಖುಷಿಪಡಬೇಡಿ, ಅದರಡಿ ಏನಿದೆ ಅಂತ ತಟ್ಟಿಯೇ ನೋಡಿ.

ಬಾಗಿಲುಗಳ ಕೆಳ ಅಂಚಿನಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಮರಳು, ಮಣ್ಣು ಕಟ್ಟಿ ಅವು ಮುಚ್ಚಿದರೆ ಮಳೆಗಾಲದುದ್ದಕ್ಕೂ ಬಾಗಿಲೊಳಗೆ ನೀರು ನಿಂತು ಒಳಗಿನಿಂದ ತುಕ್ಕು ಬರುತ್ತದೆ. ಅಂಚಿಗೆ ಬೆರಳು ಎಳೆದರೆ ಬಣ್ಣದಡಿ ಗುಳ್ಳೆ ಕೈಗೆ ಸಿಗುತ್ತದೆ. ಡಿಕ್ಕಿ ಬಾಗಿಲಿನ ಕೆಳತುಟಿ, ಮೇಲಿನ ರೂಫ್ ರೇಲಿನ ಬುಡ, ಬ್ಯಾಟರಿ ತಟ್ಟೆ ಇವನ್ನೂ ನೋಡಿ. ಮುಂದಿನ ಜಾಲರಿಯ ಹಿಂದೆ ಎಸಿ ಕಂಡೆನ್ಸರ್ ಇದೆಯಲ್ಲ, ಅದರ ತೆಳು ಎಲೆಗಳು ಉಪ್ಪಿಗೆ ಪುಡಿಯಾಗಿ ಉದುರುತ್ತವೆ. ಉಗುರಿಗೆ ಉದುರಿದರೆ ಗ್ಯಾಸ್ ಎಷ್ಟು ತುಂಬಿಸಿದರೂ ನಿಲ್ಲದ ದಿನ ಹತ್ತಿರ ಬಂತು.

ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಹೊರಗೆ ತೆಗೆಸಿ. ಇದನ್ನು ನಮ್ಮ ಕಡೆ ಯಾರೂ ಮಾಡುವುದಿಲ್ಲ, ಮಾಡಬೇಕು. ಬಂದರಿನಿಂದ ಐಸ್ ತುಂಬಿದ ಮೀನಿನ ಬಾಕ್ಸ್ ಸಾಗಿಸಿದ ಗಾಡಿಯಾದರೆ ಉಪ್ಪುನೀರು ಸೋರಿ ಆ ಗುಂಡಿಯಲ್ಲೇ ನಿಂತಿರುತ್ತದೆ. ಮೇಲೆ ಎಷ್ಟೇ ಸೆಂಟು ಹೊಡೆದಿರಲಿ, ಸ್ಟೆಪ್ನಿಯಡಿ ಬಿಳಿ ಪುಡಿ, ಕಂದು ಉಂಗುರ, ಮೂಗಿಗೆ ಬಡಿಯುವ ಆ ವಾಸನೆ ಎಲ್ಲ ಹೇಳಿಬಿಡುತ್ತವೆ. ಇಂಥ ಗಾಡಿ ಕೆಟ್ಟದ್ದೇ ಅಂತಲ್ಲ. ಮಾರುವವರು ‘ಫ್ಯಾಮಿಲಿ ಗಾಡಿ’ ಅಂದಿದ್ದರೆ ಅವರ ಉಳಿದ ಮಾತುಗಳ ಬೆಲೆಯೂ ಅಷ್ಟೇ ಅಂತ ತಿಳಿಯಿತಲ್ಲ.

ಘಟ್ಟದ ಮೇಲಿನ ಗಾಡಿಯಾದರೆ ಬಾನೆಟ್ ಎತ್ತಿದಾಗ ಮೊದಲು ನೋಡಬೇಕಾದ್ದು ಇಲಿಯ ಕೆಲಸ. ಅಡಿಕೆ, ಭತ್ತ ಇಟ್ಟ ಶೆಡ್ಡಿನಲ್ಲೇ ಗಾಡಿ ನಿಲ್ಲಿಸಿದರೆ ಇಲಿ ಬಾರದೆ ಇರುತ್ತದೆಯೇ. ಬಾನೆಟ್ಟಿನ ಒಳಪದರ ಕಚ್ಚಿದ ಗುರುತು, ಹಿಕ್ಕೆ, ಕಪ್ಪು ಇನ್ಸುಲೇಷನ್ ಟೇಪು ಸುತ್ತಿ ಸೇರಿಸಿದ ವೈರುಗಳನ್ನು ಹುಡುಕಿ. ಹಿಂದಿನ ಸ್ಪ್ರಿಂಗ್ ಕುಸಿದಿದೆಯೇ ಅಂತ ಗಾಡಿಯನ್ನು ಪಕ್ಕದಿಂದ, ದೂರ ನಿಂತು ನೋಡಿ. ಚೀಲ ಹೇರಿದ ಗಾಡಿ ಖಾಲಿಯಿದ್ದರೂ ಹಿಂದೆ ಕೂತಂತೆ ಕಾಣುತ್ತದೆ.

ನೆರೆ ಕಂಡ ಗಾಡಿಯನ್ನು ಹಿಡಿಯಲು ಸೀಟ್ ಬೆಲ್ಟ್ ಸಾಕು. ಕೊನೆಯವರೆಗೂ ಎಳೆಯಿರಿ. ಸೀಟು ತೊಳೆಸುತ್ತಾರೆ, ಮ್ಯಾಟ್ ಹೊಸದು ಹಾಕುತ್ತಾರೆ, ಸುರುಳಿಯೊಳಗಿನ ಕೊನೆಯ ಒಂದಡಿ ಬೆಲ್ಟನ್ನು ತೊಳೆಯುವವರು ಕಡಿಮೆ. ಅಲ್ಲಿ ಕೆಸರಿನ ಗೆರೆ ಸಿಗುತ್ತದೆ. ಸೀಟಿನ ಹಳಿಯ ಬೋಲ್ಟುಗಳ ತುಕ್ಕು, ಸ್ಟೀರಿಂಗ್ ಕೆಳಗಿನ ಫ್ಯೂಸ್ ಬಾಕ್ಸಿನಲ್ಲಿ ಹಸಿರು ಕಟ್ಟಿದ ಪಿನ್ನು, ಹೆಡ್‌ಲೈಟಿನೊಳಗೆ ಮಣ್ಣಿನ ಕಲೆ ಸಿಕ್ಕರೂ ಆಯಿತು. ದರ ಎಷ್ಟೇ ಇಳಿಸಲಿ, ಅದು ಬೇಡ.

ಆಕ್ಸಿಡೆಂಟ್ ಆದದ್ದು ಗೊತ್ತಾಗುವುದು ಅಂತರಗಳಲ್ಲಿ. ಬಾನೆಟ್ಟಿಗೂ ಫೆಂಡರಿಗೂ ನಡುವಿನ ಸಂದು ಎರಡೂ ಬದಿ ಒಂದೇ ಇದೆಯೇ, ಫೆಂಡರ್ ಬೋಲ್ಟಿನ ಮೇಲೆ ಸ್ಪಾನರ್ ಗುರುತಿದೆಯೇ, ಬಾಗಿಲಿನ ರಬ್ಬರ್ ಬೀಡಿಂಗ್ ಸರಿಸಿದರೆ ಕಾಣುವ ವೆಲ್ಡಿಂಗ್ ಚುಕ್ಕಿಗಳು ಸಮ ಅಂತರದಲ್ಲಿ ಇವೆಯೇ ನೋಡಿ. ಟಿಂಕರಿಂಗ್ ಮಾಡಿ ಪುಟ್ಟಿ ತುಂಬಿದ ಜಾಗದಲ್ಲಿ ಅಯಸ್ಕಾಂತ ಹಿಡಿಯುವುದಿಲ್ಲ. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ, ಕೆಲ ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲ ಅಂದರೆ ದೀಪವನ್ನೇ ಕಿತ್ತಿರಬಹುದು. 2019ರ ಜುಲೈಗಿಂತ ಹಿಂದಿನ ಬೇಸ್ ಮಾಡೆಲ್ ಆದರೆ ಏರ್‌ಬ್ಯಾಗ್ ಎಷ್ಟು, ಎಬಿಎಸ್ ಇದೆಯೇ ಅಂತ ಪ್ರತ್ಯೇಕ ಖಾತ್ರಿ ಮಾಡಿಕೊಳ್ಳಿ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತದೆ. 2319 ಅಂದರೆ 2019ರ 23ನೇ ವಾರ. ‘25,000 ಓಡಿದ’ 2019ರ ಗಾಡಿಯಲ್ಲಿ ನಾಲ್ಕೂ ಟಯರ್ 2023ರದಾದರೆ ಮೀಟರ್ ಮೇಲೆ ಅನುಮಾನ ಬರಲೇಬೇಕು. ಮೆಕ್ಯಾನಿಕ್ ಹತ್ತಿರ ಸ್ಕ್ಯಾನರ್ ಇದ್ದರೆ ಹಾಕಿಸಿ. ಅದರಲ್ಲಿ ದೋಷ ಕಾಣದಿದ್ದರೂ ಮಾನಿಟರುಗಳು, ಅಂದರೆ ಗಾಡಿ ತನ್ನನ್ನು ತಾನೇ ಮಾಡಿಕೊಳ್ಳುವ ಪರೀಕ್ಷೆಗಳು, ‘ರೆಡಿ’ ಇಲ್ಲ ಅಂತ ತೋರಿಸಿದರೆ, ನೀವು ಬರುವ ಸ್ವಲ್ಪ ಮುಂಚೆ ಯಾರೋ ಕೋಡ್ ಅಳಿಸಿದ್ದಾರೆ ಇಲ್ಲವೇ ಬ್ಯಾಟರಿ ಬಿಚ್ಚಿದ್ದಾರೆ ಅಂತ ಅರ್ಥ.

ಓಡಿಸಿ ನೋಡುವುದಾದರೆ ಘಟ್ಟದಲ್ಲೇ

ಪೇಟೆಯಲ್ಲಿ ಒಂದು ಸುತ್ತು ಹೊಡೆದು ‘ಪಿಕಪ್ ಚೆನ್ನಾಗಿದೆ’ ಅನ್ನುವುದರಿಂದ ಏನೂ ತಿಳಿಯದು. ದೇವರು ನಮಗೆ ಇಷ್ಟು ಘಟ್ಟ ಕೊಟ್ಟಿದ್ದಾನೆ, ಬಳಸಿಕೊಳ್ಳಿ. ಕುಮಟಾದವರಿಗೆ ಕತಗಾಲ ದಾಟಿದರೆ ದೇವಿಮನೆ, ಅಂಕೋಲೆಯವರಿಗೆ ಅರಬೈಲು, ಕಾರವಾರದವರಿಗೆ ಕದ್ರಾ ಮೇಲೆ ಅಣಶಿ, ಹೊನ್ನಾವರದವರಿಗೆ ಗೇರುಸೊಪ್ಪೆ ಆಚೆ ಮಾಲೆಮನೆ. ಮಳೆಗಾಲವಾದರೆ ರಸ್ತೆ ತೆರೆದಿದೆಯೇ ಅಂತ ವಿಚಾರಿಸಿ ಹೊರಡಿ. ಗಾಡಿಯ ಇನ್ಸೂರೆನ್ಸ್ ಚಾಲ್ತಿಯಲ್ಲಿರಲಿ, ಲೈಸೆನ್ಸ್ ಜೇಬಿನಲ್ಲಿರಲಿ.

ಮೊದಲು ತಣ್ಣನೆ ಸ್ಟಾರ್ಟ್. ಹಿಂದೆ ಒಬ್ಬರು ನಿಂತು ಹೊಗೆ ನೋಡಲಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಆವಿ ಬೆಳಗಿನ ಚಳಿಗೆ ಸಹಜ, ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಚಿಂತೆ. ಸಪಾಟು ರಸ್ತೆಯಲ್ಲಿ 40ರ ವೇಗಕ್ಕೆ ನಾಲ್ಕನೇ ಗೇರು ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲೇರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಏರಿನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡು ಎರಡನೇ ಗೇರಿನಲ್ಲಿ ತೆವಳುವ ಸಂದರ್ಭ ಬಂದರೆ ಒಳ್ಳೆಯದೇ ಆಯಿತು, ಕ್ಲಚ್ ಸುಟ್ಟ ವಾಸನೆ ಆಗಲೇ ಬರುವುದು. ಎಸಿ ಹಾಕಿಯೇ ಹತ್ತಿಸಿ, ಟೆಂಪರೇಚರ್ ಮುಳ್ಳು ನಡುವೆಯೇ ಇರಬೇಕು. ಏರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ, ಹಿಡಿಯುತ್ತದೆಯೇ ನೋಡಿ, ಅಲ್ಲಿಂದಲೇ ಮತ್ತೆ ಎತ್ತಿ.

ಆಟೋಮ್ಯಾಟಿಕ್ ಆದರೆ ಇದು ಇನ್ನೂ ಮುಖ್ಯ. ವೆನ್ಯೂ, ಸಾನೆಟ್‌ಗಳ ಡಿಸಿಟಿ ಎಂಬ ಜೋಡಿ ಕ್ಲಚ್ಚಿನ ಗೇರ್‌ಬಾಕ್ಸ್ ಆಯಿಲ್‌ನಲ್ಲಿ ಮುಳುಗದ ಒಣ ಕ್ಲಚ್ಚಿನದು. ಏರಿನಲ್ಲಿ ನಿಂತು ನಿಂತು ತೆವಳಿದರೆ ಬಿಸಿಯಾಗಿ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ಕೊಡುತ್ತದೆ. ಮ್ಯಾನ್ಯುಯಲ್ ಗೇರನ್ನೇ ಯಂತ್ರ ಬದಲಿಸುವ ಎಎಂಟಿಯಲ್ಲಿ ಗೇರು ಬದಲಾಗುವಾಗ ತಲೆ ಜರ್ಕು ಹೊಡೆಯುವುದು ಅದರ ಸ್ವಭಾವ, ಆದರೆ ಗೇರು ಸಿಗದೆ ತಡಕಾಡಬಾರದು. ದಿನಾ ಘಟ್ಟ ಹತ್ತುವವರಿಗೆ ಈ ಬೆಲೆಯಲ್ಲಿ ಮ್ಯಾನ್ಯುಯಲ್ಲೇ ಸಾಕು ಅಂತ ನನಗನಿಸುತ್ತದೆ. ಏರಿನಲ್ಲಿ ಗಾಡಿ ಹಿಂದೆ ಜಾರದಂತೆ ಹಿಡಿಯುವ ಹಿಲ್ ಹೋಲ್ಡ್ ಇರುವ ವೇರಿಯಂಟ್ ಸಿಕ್ಕರೆ ನಾಲ್ಕು ಕಾಸು ಜಾಸ್ತಿ ಕೊಡಬಹುದು. ಸನ್‌ರೂಫಿಗೆ ಕೊಡಬೇಡಿ, ನಮ್ಮ ಮಳೆಗೆ ಅದರ ಡ್ರೈನ್ ಪೈಪ್ ಕಟ್ಟಿದರೆ ನೀರು ತಲೆ ಮೇಲೇ ಇಳಿಯುತ್ತದೆ.

ಇಳಿಯುವಾಗ ಗೇರಿನಲ್ಲೇ ಹಿಡಿದು, ನಡುನಡುವೆ ಬ್ರೇಕ್ ಒತ್ತಿ. ಸ್ಟೀರಿಂಗ್ ಅಥವಾ ಪೆಡಲ್ ನಡುಗಿದರೆ ಡಿಸ್ಕ್ ಸೊಟ್ಟಗಾಗಿದೆ. ರಾತ್ರಿ ಮಳೆಯಲ್ಲಿ ನಿಂತ ಗಾಡಿಯ ಡಿಸ್ಕ್ ಮೇಲೆ ಬೆಳಿಗ್ಗೆ ಕೆಂಪು ಕಂಡರೆ ಅದಕ್ಕೆ ಹೆದರಬೇಡಿ, ಎರಡು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ.

ದರ

ಹೊಸ ಗಾಡಿಯ ಈಗಿನ ಬೆಲೆ ಗೊತ್ತಿಲ್ಲದೆ ಹಳೆಯದರ ದರ ಮಾತಾಡಬೇಡಿ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಮತ್ತು 1500 ಸಿಸಿ ಒಳಗಿನ ಡೀಸೆಲ್ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿಯಿತು. ಅದಕ್ಕೂ ಮುಂಚೆ 28, ಮೇಲೆ ಸೆಸ್. ನೆಕ್ಸಾನ್, ವೆನ್ಯೂ, ಸಾನೆಟ್ ಈ ಗುಂಪಿಗೆ ಸೇರುತ್ತವೆ. ಬ್ರೆಝಾದ 1462 ಸಿಸಿ ಪೆಟ್ರೋಲ್ ಎಂಜಿನ್ ಮಿತಿ ದಾಟುವುದರಿಂದ ಅದಕ್ಕೆ ಶೇಕಡಾ 40, ಹೊಸದರ ಬೆಲೆ ಅಷ್ಟೊಂದು ಇಳಿಯಲಿಲ್ಲ. ಮಾರುವವರು ‘ನಾನು ಅವತ್ತು ಹನ್ನೊಂದು ಲಕ್ಷ ಕೊಟ್ಟಿದ್ದೆ’ ಅಂತ ಲೆಕ್ಕ ಶುರುಮಾಡಿದರೆ ಇವತ್ತಿನ ಹೊಸ ಬೆಲೆಯಿಂದ ಲೆಕ್ಕ ಹಾಕೋಣ ಅನ್ನಿ. ಮೂರು ವರ್ಷದೊಳಗಿನ ಗಾಡಿಯಾದರೆ ಹೊಸದನ್ನೂ ಒಮ್ಮೆ ಕೇಳಿ ನೋಡುವುದು ಜಾಣತನ, ಅಂತರ ಕೆಲವೊಮ್ಮೆ ಅಷ್ಟಿರುವುದಿಲ್ಲ.

ಚೌಕಾಸಿಗೆ ಭಾವನೆ ಬೇಡ, ಪಟ್ಟಿ ಬೇಕು. ಟಯರ್ ನಾಲ್ಕು, ಮೂವತ್ತು ಸಾವಿರದ ಆಸುಪಾಸು. ಬ್ಯಾಟರಿ, ಕ್ಲಚ್ ಸೆಟ್, ಕಂಡೆನ್ಸರ್, ಬುಷ್‌ಗಳು: ನಿಮ್ಮ ಮೆಕ್ಯಾನಿಕ್ ಒಂದೊಂದಕ್ಕೂ ಬರೆದುಕೊಟ್ಟ ಮೊತ್ತ ಮುಂದಿಟ್ಟು ಮಾತಾಡಿದರೆ ಎದುರಿನವರಿಗೂ ಸಿಟ್ಟು ಬರುವುದಿಲ್ಲ.

ದುಡ್ಡು ಕೊಡುವ ದಿನ

ಆರ್‌ಸಿ ಮೂಲಪ್ರತಿ ಕೈಗೆತ್ತಿಕೊಂಡು ಚಾಸಿ ನಂಬರ್, ಎಂಜಿನ್ ನಂಬರ್‌ಗಳನ್ನು ಗಾಡಿಯ ಮೇಲಿನದಕ್ಕೆ ಅಕ್ಷರ ಅಕ್ಷರ ತಾಳೆ ಹಾಕಿ. ಆರ್‌ಸಿಯಲ್ಲಿ ಬ್ಯಾಂಕಿನ ಅಥವಾ ಸೊಸೈಟಿಯ ಹೆಸರಿದ್ದರೆ, ಸಾಲ ತೀರಿದ್ದರೂ, ಎಚ್‌ಪಿ (ಗಾಡಿಯ ಮೇಲಿನ ಸಾಲದ ನಮೂದು) ಕ್ಯಾನ್ಸಲ್ ಆಗಬೇಕು. ಅದಕ್ಕೆ ಸಾಲ ಕೊಟ್ಟವರ ಎನ್‌ಒಸಿ ಮತ್ತು ಅವರ ಸಹಿ ಇರುವ ಫಾರಂ 35 ಬೇಕು. ಸಾಲ ಬಾಕಿಯಿದ್ದರೆ ನಿಮ್ಮ ದುಡ್ಡಿನ ಅಷ್ಟು ಭಾಗ ನೇರ ಸಾಲದ ಖಾತೆಗೇ ಹೋಗಲಿ, ಓನರ್ ಕೈಗೆ ಬೇಡ. ವರ್ಗಾವಣೆಗೆ ಫಾರಂ 29 ಮತ್ತು 30. ಬೇರೆ ರಾಜ್ಯದ್ದಾದರೆ ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಇಲ್ಲಿಯ ನಂಬರಿಗೆ ಫಾರಂ 27. ಎನ್‌ಒಸಿ ಕೈಗೆ ಬರುವವರೆಗೆ ಟೋಕನ್ ಅಡ್ವಾನ್ಸಿಗಿಂತ ಜಾಸ್ತಿ ಕೊಡಬೇಡಿ.

ಖರೀದಿಸಿದವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು, ಇನ್ಸೂರೆನ್ಸ್ ಕಂಪನಿಗೆ 14 ದಿನದೊಳಗೆ ತಿಳಿಸಬೇಕು. ಹಳೆ ಓನರಿನ ಎನ್‌ಸಿಬಿ ನಿಮಗೆ ಬರುವುದಿಲ್ಲ, ಅದು ಅವರದೇ. ಆ ಅಂತರದ ಪ್ರೀಮಿಯಂ ನೀವು ಕಟ್ಟಬೇಕಾಗುತ್ತದೆ. ‘ಆಮೇಲೆ ಮಾಡಿಸಿದರಾಯಿತು ಮಾರಾಯ’ ಅನ್ನುವ ಮಾತು ಇಬ್ಬರಿಗೂ ಅಪಾಯ. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಹಾಗಾಗಿ ಮಾರುವವರಿಗೂ ಅವಸರ ಇರಬೇಕಾದ್ದು. 2019ರ ಏಪ್ರಿಲಿಗಿಂತ ಹಿಂದಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಹಾಕಿಸಿದ್ದಾರೋ ನೋಡಿಕೊಳ್ಳಿ.

ಡೆಲಿವರಿ ತೆಗೆದುಕೊಂಡ ದಿನಾಂಕ, ಗಂಟೆ, ಮೀಟರಿನ ಕಿಲೋಮೀಟರ್ ಬರೆದು ಇಬ್ಬರೂ ಸಹಿ ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಅದಕ್ಕಿಂತ ಮುಂಚಿನ ಚಲನ್ ಬಂದರೆ ಯಾರದು ಅಂತ ಜಗಳವಿಲ್ಲ. ಎರಡನೇ ಕೀಲಿ ಕೇಳಿ ಪಡೆಯಿರಿ. ಹಳೆಯ ಫಾಸ್ಟ್‌ಟ್ಯಾಗನ್ನು ಓನರ್ ಅವತ್ತೇ ಮುಚ್ಚಿಸಲಿ. ಅದು ಅವರ ಹೆಸರಿನಲ್ಲೇ ಇದ್ದರೆ ನಿಮ್ಮ ಹೊಸ ಟ್ಯಾಗ್ ಆಗುವುದಿಲ್ಲ, ಹಟ್ಟಿಕೇರಿ ಟೋಲಿನಲ್ಲಿ ಹಿಂದಿನವರ ಹಾರ್ನ್ ಕೇಳುತ್ತ ನಿಲ್ಲಬೇಕಾಗುತ್ತದೆ.

ಮನೆಗೆ ತಂದ ವಾರದಲ್ಲಿ ಎಂಜಿನ್ ಆಯಿಲ್, ಎಲ್ಲ ಫಿಲ್ಟರ್, ಬ್ರೇಕ್ ಆಯಿಲ್, ಕೂಲೆಂಟ್ ಬದಲಿಸಿಬಿಡಿ, ಹಿಂದಿನವರು ಏನು ಹೇಳಿದ್ದರೂ ಸರಿ. ತಳ ತೊಳೆಸಿ, ಒಣಗಿಸಿ, ಆಮೇಲೆ ಕೋಟಿಂಗ್. ಒದ್ದೆಯ ಮೇಲೆ ಹೊಡೆಸಿದರೆ ಉಪ್ಪು ಒಳಗೇ ಉಳಿದು ತಿನ್ನುತ್ತದೆ. ಬಾಗಿಲಿನ ತೂತುಗಳನ್ನು ತೆಂಗಿನ ಹಿಡಿಕಡ್ಡಿಯಿಂದ ಚುಚ್ಚಿ ಬಿಡಿಸಿ. ಕರಾವಳಿಯವರು ಜೂನ್ ಬರುವ ಮುಂಚೆ ಇದನ್ನು ಇನ್ನೊಮ್ಮೆ ಮಾಡಲಿ.